ಅವ್ವನ ಬೆನ್ನಿನ ಆಪರೇಷನ್ ವಿಚಾರ

ಲೀಡ್ಸ್, ಇಂಗ್ಲೆಂಡ್

ಪ್ರೀತಿಯ ಅಣ್ಣನಿಗೆ ನಮಸ್ಕಾರ.

ನಾವು ಕ್ಷೇಮ. ನೀನು ವಾಟ್ಸಾಪಿನಲ್ಲಿ ಕಳಿಸಿದ ಅವ್ವನ ಎಕ್ಸ್‌ರೇ ನೋಡಿದೆ. ಸೊಂಟದ ಹತ್ತಿರ ಬೆನ್ನುಮೂಳೆ ಎಡಕ್ಕೆ ಸೊಟ್ಟಗಾಗಿದೆ. ವೀಡಿಯೊ ಕಾಲ್‌ನಲ್ಲಿ ಅವ್ವ ಒಲೆ ಮುಂದೆ ನಿಂತಾಗಲೇ ನನಗೆ ಅನುಮಾನ ಬಂದಿತ್ತು: ಒಂದು ಕಡೆ ಸೀರೆ ಅಂಚು ನೆಲ ಗುಡಿಸ್ತಿತ್ತು, ಇನ್ನೊಂದು ಕಡೆ ಹಿಮ್ಮಡಿ ಕಾಣ್ತಿತ್ತು. ಕಟ್ಟೆಗೆ ಮೊಣಕೈ ಊರದೆ ಒಂದು ರೊಟ್ಟಿ ಬೇಯಿಸೋಕೂ ಆಗ್ತಿಲ್ಲ ಅವಳಿಗೆ.

ಬೆನ್ನು ಉದ್ದಕ್ಕೆ ತೆರೆಯದೆ, ಸಣ್ಣ ಸಣ್ಣ ಗಾಯ ಮಾಡಿ ಬೆನ್ನುಮೂಳೆ ಸರಿಮಾಡೋ ಆಪರೇಷನ್ ಅಂತೆ, ದುಗ್ಗಮ್ಮನ ಜಾತ್ರೆಯೊಳಗೆ ಮುಗಿಸಿಬಿಡೋಣ ಅಂತ ಬರೆದಿದ್ದೀಯ. ಅವಸರ ಬೇಡ ಅಣ್ಣ. ಇಂಥ ಆಪರೇಷನ್ ಆದವರನ್ನು ಎಬ್ಬಿಸಿ ನಡೆಸೋದೇ ಇಲ್ಲಿ ನನ್ನ ಕೆಲಸ. ಇದರಲ್ಲಿ ರಕ್ತ ಕಡಿಮೆ ಹೋಗುತ್ತೆ, ಬೆನ್ನಿನ ಸ್ನಾಯುಗಳನ್ನು ಉದ್ದಕ್ಕೂ ಮೂಳೆಯಿಂದ ಬಿಡಿಸಬೇಕಿಲ್ಲ. ವಯಸ್ಸಾದವರಿಗೆ ಇದು ದೊಡ್ಡ ಅನುಕೂಲವೇ. ಆದರೆ ಒಳಗಿನ ಕೆಲಸ ದೊಡ್ಡದು. ಸಾಮಾನ್ಯವಾಗಿ ಪಕ್ಕೆಯಿಂದ ಹೋಗಿ ಬೆನ್ನುಮೂಳೆಗಳ ನಡುವಿನ ಸವೆದ ಡಿಸ್ಕ್ (ಮೆತ್ತೆ) ತೆಗೆದು, ಆ ಜಾಗಕ್ಕೆ ಕೇಜ್ ಅನ್ನೋ ಸಣ್ಣ ಚೌಕಟ್ಟು ಕೂರಿಸ್ತಾರೆ, ಆಮೇಲೆ ಬೆನ್ನ ಕಡೆಯಿಂದ ಎಕ್ಸ್‌ರೇ ನೋಡ್ತಾ ಸ್ಕ್ರೂ, ರಾಡ್ ಹಾಕ್ತಾರೆ. ಪಕ್ಕೆಯ ದಾರಿಯಲ್ಲಿ ಕಾಲಿನ ನರಗಳಿವೆ. ಹಾಗಾಗಿ ಕೆಲವರಿಗೆ ತೊಡೆ ಜೋಮು ಹಿಡಿಯುತ್ತೆ, ಮೆಟ್ಟಿಲಿಗೆ ಕಾಲು ಎತ್ತೋಕೆ ಆಗಲ್ಲ. ಹೆಚ್ಚಿನವರಿಗೆ ನಿಧಾನವಾಗಿ ಸರಿಹೋಗುತ್ತೆ. ಆ ಮೂಳೆಗಳು ಒಂದಕ್ಕೊಂದು ಕೂಡಿಕೊಳ್ಳೋಕೆ ಮಾತ್ರ 6 ತಿಂಗಳಿಂದ 1 ವರ್ಷ ಬೇಕು.

ನೀನು ಕಳಿಸಿದ್ದು ಮಲಗಿಸಿ ತೆಗೆದ ಎಕ್ಸ್‌ರೇ. ಅವ್ವನನ್ನು ನಿಲ್ಲಿಸಿ, ಕುತ್ತಿಗೆಯಿಂದ ತೊಡೆಮೂಳೆಯ ಮೇಲಿನ ತುದಿವರೆಗೆ, ಮುಂದಿನಿಂದ ಒಂದು, ಪಕ್ಕದಿಂದ ಒಂದು ತೆಗೆಸು. ಪಕ್ಕಕ್ಕೆ ವಾಲಿದ್ದಕ್ಕಿಂತ ಮೈ ಮುಂದಕ್ಕೆ ಬಾಗಿದ್ದೇ ಹೆಚ್ಚು ಕಾಡುತ್ತೆ. ಅದು ಪಕ್ಕದ ಚಿತ್ರದಲ್ಲೇ ಗೊತ್ತಾಗೋದು. ಬಾಗು ಜಾಸ್ತಿಯಿದ್ದು ಗಟ್ಟಿಯಾಗಿಬಿಟ್ಟಿದ್ದರೆ ಬೆನ್ನು ತೆರೆದೇ ಮಾಡಬೇಕಾಗಬಹುದು. ಕಾಲುನೋವೇ ಮುಖ್ಯ ಅಂತಾದರೆ, ಒತ್ತಿಕೊಂಡ ನರ ಬಿಡಿಸಿದರೆ ಸಾಕಾ ಅಂತಲೂ ಡಾಕ್ಟರನ್ನು ಕೇಳು. ಮೂಳೆ ಎಷ್ಟು ಗಟ್ಟಿಯಿದೆ ಅಂತ ನೋಡೋ ಡೆಕ್ಸಾ ಸ್ಕ್ಯಾನ್ ಮರೀಬೇಡ. ಮೂಳೆ ಟೊಳ್ಳಾಗಿದ್ದರೆ ಸ್ಕ್ರೂ ಸಡಿಲ ಆಗಬಹುದು, ಮೊದಲು ಮೂಳೆಗೆ ಔಷಧ ಕೊಡಬೇಕಾಗಬಹುದು.

ಇನ್ನೊಂದು. ಎಲೆಡಿಕೆ ಜೊತೆ ಹಾಕ್ಕೊಳ್ಳೋ ಹೊಗೆಸೊಪ್ಪನ್ನು ಇವತ್ತಿಂದಲೇ ಬಿಡಿಸು. ಅದರಲ್ಲಿರೋ ನಿಕೋಟಿನ್ ಮೈಯಲ್ಲಿದ್ದರೆ ಮೂಳೆ ಸರಿಯಾಗಿ ಕೂಡಲ್ಲ. ಅವ್ವ ಬೈದರೆ ನನ್ನ ಹೆಸರು ಹೇಳು, ಬೈಸಿಕೊಳ್ತೀನಿ.

ಎಕ್ಸ್‌ರೇ ಫೋಟೋ ಹೊಡೆದು ಕಳಿಸಬೇಡ, ಸಿಡಿ ಇಸ್ಕೊ. ಡಾಕ್ಟರ್ ಹತ್ತಿರ ಹೋಗೋ ದಿನ ಮೊದಲೇ ತಿಳಿಸು, ರಜೆ ಹಾಕಿ ಫೋನಲ್ಲಿ ಕೂತಿರ್ತೀನಿ. ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ತಂಗಿ