ಅಮ್ಮನಿಗೆ, ಹೊನೊಲುಲುವಿನಿಂದ

ಅಮ್ಮಾ, ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂತು. ಅಪ್ಪನ ಕಾಲಿನ ಹುಣ್ಣು ಇನ್ನೂ ಒಣಗಿಲ್ಲ ಅಂತ ಓದಿದಾಗಿನಿಂದ ನನಗೆ ಸಮಾಧಾನವೇ ಇಲ್ಲ. ಶುಗರ್ ಇರುವವರು ಕಾಲಿನ ಗಾಯ ಅಸಡ್ಡೆ ಮಾಡಬಾರದಮ್ಮ. ರಾಘುಗೆ ಹೇಳಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ. ದುಡ್ಡು ಅವನ ಖಾತೆಗೆ ಹಾಕಿದ್ದೇನೆ.

ಇಲ್ಲಿ ಏನು ನೋಡಿದೆ ಅಂತ ಕೇಳಿದ್ದೀಯ. ಬಿಷಪ್ ಮ್ಯೂಸಿಯಂನಲ್ಲಿ ಕಾಪಾ ನೋಡಿದೆ. ಹವಾಯಿಯವರ ತೊಗಟೆ ಬಟ್ಟೆ. ನಾರುಮಡಿ ಅಂದರೆ ಒರಟು ಅಂದುಕೊಂಡಿರುತ್ತೇವಲ್ಲ, ಇದು ಎಷ್ಟು ನಯ ಗೊತ್ತಾ! ವೌಕೆ ಗಿಡದ ಒಳತೊಗಟೆ ಸುಲಿದು, ನೆನೆಸಿ, ಮೊದಲು ಕಲ್ಲಿನ ಮೇಲೆ ಬಡಿಯುತ್ತಾರೆ. ಆಮೇಲೆ ಮರದ ದಿಮ್ಮಿಯ ಮೇಲೆ, ನಾಲ್ಕು ಮುಖದ ಕೊಡತಿಯಿಂದ. ಒಂದೊಂದು ಮುಖಕ್ಕೆ ಒಂದೊಂದು ಕೆತ್ತನೆ. ಆ ಗೆರೆಗಳು ಬಟ್ಟೆಯೊಳಗೇ ಕೂತುಬಿಡುತ್ತವೆ. ಈಗಲೂ ಕಾಪಾ ಮಾಡುವ ಒಬ್ಬರು ಒಂದು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬರೀ ಬಿಳಿ ಅಂದುಕೊಂಡಿದ್ದರಲ್ಲಿ ಸಾಲು ಸಾಲು ಸಣ್ಣ ಚೌಕಗಳು ಕಂಡವು.

ಮೇಲಿನ ಚಿತ್ತಾರಕ್ಕೆ ಬಿದಿರಿನ ಪಟ್ಟಿಯ ಅಚ್ಚು. ಕಪ್ಪಿಗೆ ಕುಕುಯಿ ಬೀಜ ಸುಟ್ಟ ಮಸಿ. ನೋನಿ ಬೇರಿನ ಬಣ್ಣಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗುತ್ತದೆ, ನೀನು ಆರತಿಗೆ ಅರಿಶಿನ ಸುಣ್ಣ ಕಲಸಿದ ಹಾಗೆ. ಹಳದಿಗೆ ಇವರಿಗೂ ಅರಿಶಿನವೇ!

ಅರಿಶಿನ ಅಂದಾಗ ನೆನಪಾಯ್ತು. ಹುಣ್ಣಿಗೆ ಅರಿಶಿನ ಮೆತ್ತಿ ಸುಮ್ನೆ ಕೂರಬೇಡಿ ಅಮ್ಮಾ, ನಿನಗೆ ಕೈ ಮುಗಿಯುತ್ತೇನೆ. ಬರಿಗಾಲಲ್ಲಿ ತೋಟಕ್ಕೆ ಹೋಗೋದು ಬಿಟ್ಟಿದ್ದಾರಾ? ಮಾತ್ರೆ ತಗೊಳ್ತಿದ್ದಾರಾ? ನೀನು ಒಂದನ್ನೂ ಬರೆದಿಲ್ಲ.

ಈ ಕಾಪಾ ಬಟ್ಟೆಯನ್ನು ಬರೀ ಕಾಗದ ಅಂತ ಹಗುರ ಮಾಡುವವರೂ ಇದ್ದಾರೆ. ನಾನು ಒಪ್ಪೋದಿಲ್ಲ. ಇದನ್ನೇ ಉಟ್ಟು ಬಾಳಿದ ಜನ ಇವರು. ರಾತ್ರಿಯ ಹೊದಿಕೆಗೆ ಹಲವು ಪದರ ಸೇರಿಸಿ ಒಂದಂಚು ಹೊಲಿಯುತ್ತಿದ್ದರು, ಮೇಲಿನ ಪದರಕ್ಕೆ ಮಾತ್ರ ಚಿತ್ತಾರ. ಹಡಗಿನಲ್ಲಿ ಹತ್ತಿಬಟ್ಟೆ ಬಂದ ಮೇಲೆ 19ನೇ ಶತಮಾನದಲ್ಲಿ ಈ ಕೆಲಸ ಹೆಚ್ಚುಕಮ್ಮಿ ನಿಂತೇಹೋಗಿತ್ತು. 1970ರ ದಶಕದಲ್ಲಿ ಹಳೇ ತುಂಡುಗಳನ್ನು ನೋಡಿ ನೋಡಿ ಮತ್ತೆ ಕಲಿತರು. ಹೇಳಿಕೊಡುವವರೇ ಉಳಿದಿರಲಿಲ್ಲ, ಆದರೂ ಕಲಿತರಲ್ಲ, ಅದು ನನಗೆ ತುಂಬಾ ಹಿಡಿಸಿತು.

ನನ್ನ ಬಗ್ಗೆ ಏನೂ ಯೋಚನೆ ಬೇಡ. ಊಟ, ನಿದ್ದೆ, ಕೆಲಸ ಎಲ್ಲಾ ಸರಿಯಾಗಿದೆ, ನಿಜವಾಗಲೂ ಸರಿಯಾಗಿದೆ. ಅಪ್ಪನಿಗೂ ಏನೂ ಆಗೋದಿಲ್ಲ, ಬೇಗ ತೋರಿಸಿದರೆ ಆಯ್ತು. ಡಾಕ್ಟರ್ ಏನಂದರು ಅಂತ ಅವತ್ತೇ ರಾಘು ಫೋನ್ ಮಾಡಲಿ, ಇಲ್ಲಿ ನಡುರಾತ್ರಿ ಆದರೂ ಪರವಾಗಿಲ್ಲ. ಅಂಚೆಗೆ ಹೊತ್ತಾಯ್ತು, ಇಡುತ್ತೇನೆ.

ನಿನ್ನ ಸುಮಾ