ಮೆಣಸಿನ ಏಣಿ, ಮೇಲೆ ಕರೆಂಟ್ ಲೈನ್

ಸಂಪಾದಕರಿಗೆ ನಮಸ್ಕಾರ.

ಕಾಫಿ ಕುಯ್ಲು ಮುಗಿಯುತ್ತಿದ್ದ ಹಾಗೆ ಕೊಡಗಿನಲ್ಲಿ ಕರಿಮೆಣಸಿನ ಕೆಲಸ ಶುರು. ಅದರ ಹಿಂದೆಯೇ 'ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ಕಾರ್ಮಿಕ ಸಾವು' ಅನ್ನುವ ಸುದ್ದಿ. ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು. ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದವನು ನಾನು, ಆ ನಾಲ್ಕು ಸಾಲಿನಲ್ಲಿ ಬಾರದ್ದನ್ನು ಬರೆಯುತ್ತಿದ್ದೇನೆ.

ಹತ್ತಿದವನಿಗೇ ಅಪಾಯ ಅಂತ ಜನ ತಿಳಿದಿದ್ದಾರೆ. ಬೀಳುವವರೂ ಇದ್ದಾರೆ, ಸುಳ್ಳಲ್ಲ. ಆದರೆ ನಾನು ಕಂಡ ಹಾಗೆ ಕರೆಂಟ್ ಹೊಡೆಯುವುದು ಏಣಿಯನ್ನು ಮರದಿಂದ ಮರಕ್ಕೆ ಸಾಗಿಸುವಾಗ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಮೂವತ್ತು ಅಡಿ ದಾಟಿರುತ್ತದೆ, ಏಣಿಯೂ ಅಷ್ಟೇ ಉದ್ದ. ಮಲಗಿಸಿ ಹೊತ್ತರೆ ಕಾಫಿ ಗಿಡದ ರೆಂಬೆ ಮುರಿಯುತ್ತದೆ, ಮೇಸ್ತ್ರಿ ಬೈಯುತ್ತಾನೆ. ಅದಕ್ಕೆ ನಿಲ್ಲಿಸಿಕೊಂಡೇ ನಡೆಯುತ್ತಾರೆ. ಕಣ್ಣೆಲ್ಲ ಕಾಲಡಿಯ ಗುಂಡಿ, ಬೇರಿನ ಮೇಲೆ. ತಲೆ ಎತ್ತಿದರೂ ಎಲೆ ಮರೆಯಲ್ಲಿರುವ 11 ಕೆ.ವಿ. (ಹನ್ನೊಂದು ಸಾವಿರ ವೋಲ್ಟ್) ತಂತಿ ಕಾಣಬೇಕಲ್ಲ? ಅದಕ್ಕೆ ಹೊದಿಕೆಯೂ ಇರುವುದಿಲ್ಲ.

ಹಿಂದೊಮ್ಮೆ ನಮ್ಮ ಪಕ್ಕದ ತೋಟದಲ್ಲಿ ಒಬ್ಬ ಹುಡುಗ ಹೀಗೇ ಹೋದ. ಅಸ್ಸಾಂನವನು, ಕೆ.ಜಿ. ಲೆಕ್ಕದ ಕೆಲಸ. ಆಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲ್‌ನಲ್ಲಿ ಹೆಸರಿಲ್ಲ. 'ಅವನು ನಮ್ಮ ಆಳಲ್ಲ, ಗುತ್ತಿಗೆದಾರನ ಆಳು' ಅಂದರು ತೋಟದವರು. ಗುತ್ತಿಗೆದಾರನ ಫೋನ್ ಸ್ವಿಚ್ ಆಫ್. ಕೆಲಸದಲ್ಲಿ ಸತ್ತರೆ ಪರಿಹಾರ ಕೊಡಬೇಕು ಅನ್ನುವ ಕಾನೂನು 1923ರಲ್ಲೇ ಬಂತು. ಗುತ್ತಿಗೆ ಆಳು ಅಂತ ಹೇಳಿ ಕೆಲಸ ಮಾಡಿಸಿಕೊಂಡವರು ಜಾರಿಕೊಳ್ಳುವ ಹಾಗಿಲ್ಲ ಅಂತಲೂ ಅದರಲ್ಲೇ ಇತ್ತು. ಆಳುಗಳು ವಾಸಿಸುವ ಲೈನ್‌ಮನೆಯಲ್ಲಿ ಇದನ್ನು ಯಾರು ಹೇಳಿಕೊಟ್ಟಿದ್ದಾರೆ?

ಅಲ್ಯೂಮಿನಿಯಂನ ಹಾಗೆ ಕರೆಂಟ್ ಹರಿಯಲು ಬಿಡದ ಫೈಬರ್ ಏಣಿ ಸಿಗುತ್ತದೆ. ದುಬಾರಿ ಅನ್ನುವ ಮಾಲೀಕರು ಮೆಣಸು ಮಾರಿದ ರೇಟನ್ನೂ ಜೊತೆಗೇ ಹೇಳಲಿ! ಇಡೀ ತೋಟಕ್ಕೆ ಬೇಡ, ಲೈನ್ ಹಾದುಹೋಗುವ ಕಡೆಗಾದರೂ ಅದನ್ನೇ ಕೊಡಿ. ಆ ಸಾಲಿನ ಮರಗಳಿಗೆ ದೂರದಿಂದಲೇ ಕಾಣುವ ಹಾಗೆ ಸುಣ್ಣ ಬಳಿಯಿರಿ. ಅಲ್ಲಿ ಕುಯ್ಯುವ ದಿನ ಲೈನ್ ಆಫ್ ಮಾಡಿಸಿಯೇ ಆಳು ಇಳಿಸಿ. ಕರೆಂಟಿನವರನ್ನು ಕೇಳಿದರೆ 'ನೋಡೋಣ' ಅನ್ನುತ್ತಾರೆ, ನಿಜ. ಬಿಲ್ ಬಾಕಿ ಇದ್ದರೆ ಮಾತ್ರ ಫ್ಯೂಸ್ ಕೀಳಲು ತಕ್ಷಣ ಬರುತ್ತಾರೆ ಅಲ್ವಾ? ಜೋತುಬಿದ್ದ ತಂತಿ ಕಂಡರೆ 1912ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಮುಂದೆ ಕೇಳುವಾಗ ಅದು ಬೇಕಾಗುತ್ತದೆ.

ಕಾರ್ಮಿಕ ಇಲಾಖೆಯವರಿಗೂ ಒಂದು ಮಾತು. ಕುಯ್ಲಿನ ಸಮಯದಲ್ಲೇ ತೋಟಕ್ಕೆ ಬನ್ನಿ, ಚೆಕ್‌ರೋಲ್ ತೆಗೆಸಿ ನೋಡಿ. ಎಚ್ಚರಿಕೆ ಬೋರ್ಡ್ ಹಾಕಿಸುವುದಾದರೆ ಸುಮ್ನೆ ಕನ್ನಡದಲ್ಲಿ ಮಾತ್ರ ಹಾಕಿಸಬೇಡಿ. ಏಣಿ ಹಿಡಿಯುವವರಲ್ಲಿ ಕನ್ನಡ ಓದಲು ಬಾರದವರೂ ಇದ್ದಾರೆ.

– ತೋಟದ ನಿವೃತ್ತ ರೈಟರ್, ಸಿದ್ದಾಪುರ, ಕೊಡಗು