ಗುಳ್ಳೆಯಲ್ಲಿ ಹಿಡಿಸದ ಕನ್ನಡ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆ ಶಾಲೆಯಲ್ಲಿ ಮಕ್ಕಳಿಂದ ಕಾಮಿಕ್ಸ್ ಮಾಡಿಸಿ ಕನ್ನಡ ಕಲಿಸುತ್ತಿರುವ ಬಗ್ಗೆ ಶನಿವಾರ ನಿಮ್ಮ ಜಿಲ್ಲಾ ಪುಟದಲ್ಲಿ ವರದಿ ಬಂತು. ಫೋಟೊ ಚೆನ್ನಾಗಿದೆ. ಶಾಲೆ ನೋಡಲು ಬಂದ ಇಲಾಖೆಯ ಸಾಹೇಬರು ಶಾಲು ಹೊದ್ದು ನಡುವೆ ನಿಂತಿದ್ದಾರೆ. ಮಕ್ಕಳ ಚಿತ್ರಗಳು ಅವರ ಭುಜದ ಸಂದಿಯಲ್ಲಿ ಒಂಚೂರು ಕಾಣುತ್ತವೆ. ‘ಮೆಚ್ಚುಗೆ ವ್ಯಕ್ತಪಡಿಸಿದರು’ ಎಂದು ಬರೆದಿದ್ದೀರಿ. ಮೆಚ್ಚಿದ ಮೇಲೆ ಏನು ಮಾಡಿದರು ಅನ್ನುವುದನ್ನು ನಾನು ಹೇಳುತ್ತೇನೆ. ಭಾನುವಾರ ರಾತ್ರಿ ಹನ್ನೊಂದೂವರೆ ತನಕ ಅದನ್ನು ಅನುಭವಿಸಿದವನು ನಾನು.

ನನ್ನ ಮಗಳು ಏಳನೇ ಕ್ಲಾಸು. ಆರು ಚೌಕದ ಕಥೆ ಮಾಡಿದ್ದಳು. ತಾತ ಆಲೂಗೆಡ್ಡೆ ಮೂಟೆಗಳನ್ನು ಎತ್ತಿನ ಗಾಡಿಗೆ ಹೇರಿಕೊಂಡು ಹಾಸನದ ಮಾರ್ಕೆಟ್ಟಿಗೆ ಬರುತ್ತಾರೆ. (ಈಗ ಬರೋದು ಟೆಂಪೊದಲ್ಲಿ, ಆದರೆ ಅವಳಿಗೆ ಎತ್ತು ಬರೆಯುವ ಆಸೆ.) ದಲ್ಲಾಳಿ ರೇಟು ಹೇಳುತ್ತಾನೆ. ತಾತನ ತಲೆ ಮೇಲೆ, ಮಾತು ಬರೆಯುವ ಗುಳ್ಳೆಯಲ್ಲಿ, ‘ಬಿತ್ತನೆ ಗೆಡ್ಡೆ ಅಸಲೂ ಉಟ್ಟಲ್ವಲ್ಲ ಸ್ವಾಮಿ!’ ನಮ್ಮಪ್ಪ ಮಾತಾಡುವುದು ಹಾಗೇ. ಓದಿ ಕೆಮ್ಮು ಬರುವಷ್ಟು ನಕ್ಕರು.

ಸಾಹೇಬರು ನಗಲಿಲ್ಲ. ಕೆಂಪು ಪೆನ್ನಿನಲ್ಲಿ ಗೀಟು ಎಳೆದರು. ಎಲ್ಲ ಮಕ್ಕಳೂ ಸಂಭಾಷಣೆಯನ್ನು ‘ಶುದ್ಧ ಭಾಷೆ’ಯಲ್ಲಿ ತಿದ್ದಿ ಸೋಮವಾರ ತರಬೇಕಂತೆ. ಸರಿ, ತಿದ್ದಲು ಕೂತೆವು. ‘ಮಾನ್ಯರೇ, ಬಿತ್ತನೆ ಆಲೂಗೆಡ್ಡೆಗೆ ವ್ಯಯಿಸಿದ ಮೂಲ ಹಣವೂ ದೊರೆಯುವುದಿಲ್ಲವಲ್ಲವೇ?’ ಗುಳ್ಳೆ ಎಷ್ಟು ದೊಡ್ಡದಿರುತ್ತೆ ಹೇಳಿ? ಹಿಗ್ಗಿಸಿ ಹಿಗ್ಗಿಸಿ, ತಾತನ ಟವೆಲ್ ದಾಟಿ, ಕೊನೆಗೆ ಎತ್ತಿನ ಕೊಂಬಿಗೆ ತಗುಲಿತು. ನೋಡಿದರೆ ಎತ್ತೇ ಮಾನ್ಯರೇ ಅಂದ ಹಾಗಿದೆ! ಹಾಳೆ ಕೆಟ್ಟಿತು.

ಹೊಸ ಡ್ರಾಯಿಂಗ್ ಶೀಟಿಗೆ ಮಳೆಯಲ್ಲಿ ಸಾಲಗಾಮೆ ರಸ್ತೆ ಪೂರ್ತಿ ಅಲೆದೆ. ಎರಡು ಅಂಗಡಿ ಬಾಗಿಲು ಹಾಕಿದ್ದವು. ಮೂರನೆಯದರಲ್ಲಿ ಖಾಲಿ, ಅದೇ ಶಾಲೆಯ ಇನ್ನೊಬ್ಬ ತಂದೆ ಕೊನೆಯ ಶೀಟು ಸುತ್ತಿಕೊಂಡು ನನ್ನೆದುರೇ ಹೊರಟರು. ಎನ್.ಆರ್. ವೃತ್ತದ ಹತ್ತಿರ ಸಿಕ್ಕಿತು. ವಾಪಸ್ ಬರುವಾಗ ಎಲ್ಲರಿಗೂ ಗೊತ್ತಿರುವ ಆ ಗುಂಡಿಗೆ ಸ್ಕೂಟರ್ ಇಳಿದು ಶೀಟು ನೆನೆಯಿತು. ಮತ್ತೆ ಹೋದೆ. ಮನೆಗೆ ಬಂದರೆ ಕರೆಂಟಿಲ್ಲ. ಮೊಬೈಲ್ ಟಾರ್ಚ್ ಹಿಡಿದು ನಾನು ದೀಪದ ಕಂಬದ ಹಾಗೆ ನಿಂತೆ, ಮಗಳು ಅಳುತ್ತಾ ಎತ್ತು ಬರೆದಳು.

ಇನ್ನೊಂದು ಗೀಟು ಬಿದ್ದಿದ್ದು ‘ದೊಪ್’ ಎಂಬ ಪದಕ್ಕೆ. ಮೂಟೆ ಇಳಿಸುವ ಚೌಕದಲ್ಲಿ ಅದನ್ನು ದಪ್ಪಗೆ ಬರೆದಿದ್ದಳು. ‘ಅರ್ಥವಿಲ್ಲದ ಪದ’ ಅಂದರಂತೆ. ಸ್ವಾಮಿ, ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಒಂದಿದೆ, ಕೇಳಿದ ಸದ್ದನ್ನೇ ಅನುಕರಿಸಿ ಹೇಳುವ ಪದ. ಪಟಪಟ, ದಬದಬ, ಚುರುಚುರು ಎಂದು ನಾವೆಲ್ಲ ಬಾಯಿಪಾಠ ಮಾಡಿ ಅಂಕ ತಗೊಂಡವರೇ. ಬಾಯಿಪಾಠ ಮಾಡಿದರೆ ವ್ಯಾಕರಣ, ಬಳಸಿದರೆ ತಪ್ಪಾ?

ಪಾಠ ಮಾಡಿದ ಮೇಡಂ ಇದನ್ನೆಲ್ಲ ಯೋಚಿಸಿಯೇ ಮಾಡಿಸಿದ್ದರು. ಕಥೆ ಹೇಳುವ ಮಾತು ಚೌಕದ ಮೇಲಿನ ಪಟ್ಟಿಯಲ್ಲಿ, ಅದು ಪುಸ್ತಕದ ಕನ್ನಡ. ಆಡುವ ಮಾತು ಗುಳ್ಳೆಯಲ್ಲಿ, ಅದು ಆಡುವವರ ಕನ್ನಡ. ಮನಸ್ಸಿನ ಮಾತಿಗೆ ಮೋಡದಂಥ ಗುಳ್ಳೆ, ಕೂಗಿದರೆ ಅಂಚು ಮುಳ್ಳುಮುಳ್ಳು. ಚಿತ್ರ ಬರದವರು ಕಡ್ಡಿ ಮನುಷ್ಯ ಬರೆದರೂ ಸಾಕು ಅಂದಿದ್ದರು. ಪ್ರಬಂಧ ಅಂದರೆ ಗೈಡ್ ನೋಡಿ ಇಳಿಸುತ್ತಿದ್ದ ನನ್ನ ಮಗಳು ಈ ಸಲ ಮೂರು ದಿನ ನೋಟ್‌ಬುಕ್ ಹಿಡಿದು ತಾತನ ಹಿಂದೆ ತಿರುಗಿದಳು. ಆಲೂಗೆಡ್ಡೆ ಬೆಳೆಗೆ ಬರುವ ಅಂಗಮಾರಿ ರೋಗ ಅಂದರೇನು, ಅಸಲು ಹುಟ್ಟೋದು ಅಂದರೇನು ಎಂದು ಕೇಳಿ ಬರೆದುಕೊಂಡಳು. ಪಟ್ಟಿಯ ಮಾತನ್ನು ತಪ್ಪಿಲ್ಲದೆ ಬರೆದಿದ್ದಳು. ಅದನ್ನು ಯಾರೂ ಓದಲಿಲ್ಲ.

ಸಾಹೇಬರು ಭಾಷಣದಲ್ಲಿ ‘ಇದು ಹೊರದೇಶದ ಹೊಸ ವಿಧಾನ’ ಎಂದೂ ಹೇಳಿದರಂತೆ. ಅಮರ ಚಿತ್ರಕಥೆ ಕಾಮಿಕ್ಸ್ ಮಾಲೆ ಮೊದಲು ಬಂದದ್ದೇ ಕನ್ನಡದಲ್ಲಿ, 1965ರಲ್ಲಿ. ಮೊದಲ ಹತ್ತು ನಮ್ಮವಾಗಿದ್ದಕ್ಕೆ ಇಂಗ್ಲಿಷಿನ ಮೊದಲನೆಯದಕ್ಕೆ 11ನೇ ನಂಬರ್ ಬಿತ್ತು. ಅಷ್ಟು ದೂರ ಯಾಕೆ, ಹಳೇಬೀಡಿನ ಗುಡಿಯ ಗೋಡೆ ಮೇಲೆ ರಾಮಾಯಣ, ಮಹಾಭಾರತ ಕಲ್ಲಿನಲ್ಲೇ ಸಾಲಾಗಿ ಕೂತಿವೆ. ಸರ್ಕಾರಿ ಜೀಪಿಗೆ ಆ ದಾರಿ ಗೊತ್ತಿರಬೇಕು, ಗುಡಿ ತೋರಿಸಲು ನೆಂಟರನ್ನು ಕರೆದುಕೊಂಡು ಹೋಗುತ್ತಿರುತ್ತದೆ.

ಇವರ ಶುದ್ಧ ಕನ್ನಡದ ರುಚಿ ನನಗೆ ಮೊದಲೇ ಗೊತ್ತು. ನಮ್ಮ ಬೀದಿಗೆ ಒಂದು ದೀಪ ಹಾಕಿಸಿ ಎಂದು ಬೇರೊಂದು ಕಚೇರಿಗೆ ಅರ್ಜಿ ಕೊಟ್ಟಿದ್ದೆ. ‘ಸದರಿ ವಿಷಯವನ್ನು ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು’ ಎಂದು ಹಿಂಬರಹ ಬಂತು. ಒಂದು ಕಾಗುಣಿತದ ತಪ್ಪಿಲ್ಲ. ದೀಪವೂ ಇಲ್ಲ. ಶಾಲೆ ಶುರುವಾಗಿ ಎಷ್ಟು ದಿನಕ್ಕೆ ಪಠ್ಯಪುಸ್ತಕ ಕೈಗೆ ಬಂತು ಎಂದು ಕೇಳಿದರೂ ಇದೇ ಧಾಟಿಯ ಉತ್ತರ.

ಸಂಬಂಧಪಟ್ಟವರು ಮಕ್ಕಳ ಹಳೇ ಹಾಳೆಗಳನ್ನೇ ಗೋಡೆಗೆ ಅಂಟಿಸಲಿ. ಇಲ್ಲವೇ ಹೊಸ ಶೀಟಿನ ದುಡ್ಡು ಕೊಡಲಿ. ಎರಡೂ ಮಾಡಿದರೆ ಬೇಡ ಅನ್ನುವುದಿಲ್ಲ. ಆ ಗುಂಡಿಯನ್ನೂ ಮುಚ್ಚಲಿ, ಅದು ಬೇರೆ ಇಲಾಖೆ ಅಂತ ಸುಮ್ನೆ ಜಾರಿಕೊಳ್ಳುವುದು ಬೇಡ. ನಿಮ್ಮ ವರದಿಗಾರರಿಗೂ ಒಂದು ಮಾತು: ಮುಂದಿನ ಸಲ ಶಾಲಿನ ಫೋಟೊ ತೆಗೆದ ಮೇಲೆ ಹಿಂದಿನ ಗೋಡೆ ಮೇಲೆ ಏನು ಬರೆದಿದೆ ಎಂದು ಓದಿಕೊಂಡು ಬರಲಿ.

– ನೊಂದ ಪೋಷಕ, ಹಾಸನ